ಕಾಗ್ಬೇನಿಯಲ್ಲಿ ಬಡಿದ ಎದೆ

ಹಳಿಯಾಳ

ನೇಪಾಳದಿಂದ ಬಂದಮೇಲೆ ನನ್ನನ್ನು ಎಲ್ಲರೂ ಕೇಳಿದ್ದು ಒಂದೇ ಮಾತು. “ಪಶುಪತಿನಾಥನ ದರ್ಶನ ಆತೇನ್ರಿ ಅಕ್ಕೋರ?” ಇಲ್ಲ, ನಾನು ಆ ಕಡೆ ಹೋಗಲೇ ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ದಸರಾ ರಜೆಯಷ್ಟನ್ನೂ ಮುಸ್ತಾಂಗದ ಬೆಟ್ಟಗಳಲ್ಲಿ ಸೈಕಲ್ ತುಳಿದು, ಮೂಗಿನ ತೊಗಲು ಸುಲಿಸಿಕೊಂಡು, ಹೊಟ್ಟೆ ತುಂಬ ಧೂಳು ನುಂಗಿ ಬಂದವಳ ಪ್ರವಾಸವನ್ನು ನಮ್ಮ ಹೈಸ್ಕೂಲಿನ ಸ್ಟಾಫ್ ರೂಮು ಅರ್ಧ ಕಪ್ ಚಹಾದಲ್ಲಿ ಮುಗಿಸಿ ಕೈತೊಳೆದುಕೊಂಡಿತು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಾಯಿತು.

ನಾನು ಅಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ನಮ್ಮ ಕಡೆ ಹೆಣ್ಣು ಶಿಕ್ಷಕರೆಲ್ಲ ‘ಅಕ್ಕೋರು’, ಊರಿಗೆಲ್ಲ ಅಕ್ಕ. ಐವತ್ತರ ಹತ್ತಿರ ಬಂದಿದ್ದೇನೆ. ಮದುವೆಯಾಗಿಲ್ಲ, ಅದರ ಹಿಂದೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಸೈಕಲ್ಲನ್ನು ಮನೆಯ ಪಡಸಾಲೆಯಲ್ಲೇ ನಿಲ್ಲಿಸುತ್ತೇನೆ. “ಇದನ್ಯಾಕ ಒಳಗ ಇಟ್ಟೀರಿ?” ಎಂದು ಬಂದವರು ಕೇಳುತ್ತಾರೆ. ಹೊರಗಿಟ್ಟರೆ ಪಡಸಾಲೆ ಬಿಕೋ ಎನ್ನುತ್ತದೆ ಎಂದು ಅವರಿಗೆ ಹೇಳಲು ಆಗುತ್ತದೆಯೇ?

ಹೇಳಿಕೊಳ್ಳಲು ಜನ ಇಲ್ಲದಿದ್ದರೆ ಸೈಕಲ್ಲಿನವರಿಗೆ ಇನ್ನೊಂದು ದಾರಿ ಇದೆ. ನಮ್ಮ ಹ್ಯಾಂಡಲಿನ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಕಂಪ್ಯೂಟರ್ ಇರುತ್ತದೆ. ಎದೆಗೆ, ಅಂಗಿಯ ಒಳಗೆ, ಒಂದು ಕಪ್ಪು ಪಟ್ಟಿ ಕಟ್ಟಿಕೊಂಡರೆ ಅದು ಎದೆಬಡಿತವನ್ನು ತಂತಿ ಇಲ್ಲದೆ ಆ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದರೆ ಪ್ರತಿ ದಿನಕ್ಕೂ ಒಂದು ಚಿತ್ರ: ಏರಿದ ಎತ್ತರಕ್ಕೆ ಬೂದು ಗುಡ್ಡ, ವೇಗಕ್ಕೆ ನೀಲಿ ಗೆರೆ, ಎದೆಗೆ ಕೆಂಪು ಗೆರೆ. ನೋಡುತ್ತ ಹೋದರೆ ಇಡೀ ಪ್ರವಾಸ ಮತ್ತೊಮ್ಮೆ ಆಗುತ್ತದೆ. ಶಾಲೆಯ ಕೆಲಸದಲ್ಲಿ ಅದಕ್ಕೆ ಕೈಹಾಕಲು ಆಗಿರಲಿಲ್ಲ. ದೀಪಾವಳಿಯ ಸಂಜೆ, ಓಣಿಯ ಮನೆಗಳಲ್ಲೆಲ್ಲ ಜನ ತುಂಬಿಕೊಂಡಿದ್ದಾಗ, ನಾನು ಬಾಗಿಲಿಗೆ ಎರಡು ಹಣತೆ ಇಟ್ಟು ಒಳಗೆ ಬಂದು ಲ್ಯಾಪ್‌ಟಾಪ್ ತೆರೆದೆ.

ಬೇನಿಯಿಂದ ತಾತೋಪಾನಿ

ಮೊದಲ ದಿನದ ಕೆಂಪು ಗೆರೆ ಶುರುವಿನಲ್ಲೇ ಎದ್ದು ನಿಂತಿದೆ. ಅದು ಏರಿನಿಂದಲ್ಲ, ಸಿಟ್ಟಿನಿಂದ. ನನ್ನ ಜೊತೆ ಬರಬೇಕಿದ್ದ ಹುಬ್ಬಳ್ಳಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳಿಗೆ ನಾದಿನಿಯ ಸೀಮಂತ ಬಂತು, ಇನ್ನೊಬ್ಬಳಿಗೆ ಬರೀ ಹೆದರಿಕೆ ಬಂತು. ಬೇನಿ ಎಂಬ ಆ ಊರಿನ ಬಸ್ ನಿಲ್ದಾಣದಲ್ಲಿ, ಡಬ್ಬಿಯಿಂದ ಸೈಕಲ್ ತೆಗೆದು ಒಬ್ಬಳೇ ಜೋಡಿಸುವಾಗ, ನನ್ನ ಸುತ್ತ ನಿಂತವರು ಕೇಳಿದ್ದು ಇದನ್ನೇ. ಒಬ್ಬಳೇ? ಗಂಡ ಎಲ್ಲಿ? ಹಿಂದಿನ ಬಸ್ಸಿಗೆ ಬರುತ್ತಾನೋ? ಹೌದು, ಬರುತ್ತಾನೆ ಎಂದು ಹಿಂದಿಯಲ್ಲಿ ಹೇಳಿ ಹೊರಟುಬಿಟ್ಟೆ. ಪಾಪ, ಅವರಲ್ಲಿ ಯಾರಾದರೂ ಆ ಬಸ್ಸಿಗೆ ಕಾದರೋ ಏನೋ.

ನೇಪಾಳದವರ ಬಾಯಲ್ಲಿ ದೂರ ಎನ್ನುವುದೇ ಇಲ್ಲ. ತಾತೋಪಾನಿ ಎಷ್ಟು ದೂರ ಎಂದರೆ “ಅಲಿಕತಿ ಮಾತ್ರ” ಎನ್ನುತ್ತಾರೆ. ಸ್ವಲ್ಪವೇ, ಇಗೋ ಬಂತು ಎಂದು ಅರ್ಥ. ಮಧ್ಯಾಹ್ನ ಕೇಳಿದರೂ ಅಲಿಕತಿ, ಸಂಜೆ ಕೇಳಿದರೂ ಅಲಿಕತಿ. ಜೋಯಿಡಾ ಕಡೆಯವರು “ಇಲ್ಲೇ ಐತ್ರಿ” ಎಂದು ಒಂದು ಗುಡ್ಡ ಪೂರ್ತಿ ಹತ್ತಿಸುವುದು ನನಗೆ ಗೊತ್ತಿತ್ತು. ಇವರು ಅವರಿಗೂ ಗುರುಗಳು. ಆದರೆ ರಾತ್ರಿ ಊಟಕ್ಕೆ ಕೂತಾಗ ಮಾತ್ರ ನಮ್ಮ ಖಾನಾವಳಿಯೇ ನೆನಪಾಯಿತು. ಅನ್ನ, ಬೇಳೆ, ಸೊಪ್ಪಿನ ಪಲ್ಯ, ಖಾಲಿಯಾದಂತೆಲ್ಲ ಕೇಳದೆಯೇ ಬಡಿಸುತ್ತಾರೆ, ಸಾಕು ಎಂದರೆ ಮುಖ ಸಣ್ಣದು ಮಾಡುತ್ತಾರೆ. ಅದನ್ನು ತಿಂದು ತಿಂದು ನಾನು ಊದಿಕೊಳ್ಳುತ್ತಿದ್ದೇನೆ ಎಂದು ಮೊದಲ ದಿನದಿಂದಲೇ ಅನುಮಾನವಿತ್ತು.

ಮಾರ್ಫಾ

ಇಲ್ಲಿ ನೀಲಿ ಗೆರೆ ನೆಲಕ್ಕೆ ಅಂಟಿಕೊಂಡಿದೆ. ಗಾಳಿ. ಕಾಳಿಗಂಡಕಿ ನದಿಯ ಆ ಕಣಿವೆಯಲ್ಲಿ ಮಧ್ಯಾಹ್ನ ಸಮೀಪಿಸಿತೆಂದರೆ ಗಾಳಿ ಏಳುತ್ತದೆ, ಕತ್ತಲಾಗುವವರೆಗೆ ನಿಲ್ಲುವುದಿಲ್ಲ. ಸೇಬಿನ ತೋಟಗಳ ಊರು ಮಾರ್ಫಾ ದಾಟಿದ ಮೇಲೆ ಸೈಕಲ್ಲಿನ ಮೇಲೆ ಕೂರುವುದೇ ಆಗಲಿಲ್ಲ. ಇಳಿದು ತಳ್ಳಿದೆ. ಒಂದು ಸಲ ಗಾಳಿ ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೆ ಮಲಗಿಸಿತು. ಹಾಗೇ ಬಿದ್ದುಕೊಂಡು ಜೋರಾಗಿ ಅತ್ತೆ. ಗೆರೆಯಲ್ಲಿ ಅದೂ ಇದೆ: ವೇಗ ಸೊನ್ನೆ, ಎದೆ ಮಾತ್ರ ಏರಿಳಿದಿದೆ.

ಅತ್ತದ್ದು ನೋವಿಗಲ್ಲ. ಅಷ್ಟು ದೊಡ್ಡ ಬೆಟ್ಟ, ಅಷ್ಟು ಬಿಳಿ ಹಿಮ, ಪಕ್ಕದಲ್ಲಿ “ಅಯ್ಯ ಶಿವನೇ, ನೋಡಬೇ ಅಲ್ಲಿ!” ಎನ್ನಲು ಒಬ್ಬರಿಲ್ಲ. ನಾನೇ ಹೇಳಿಕೊಂಡೆ, ಜೋರಾಗಿ. ಗಾಳಿ ಅದನ್ನೂ ಎತ್ತಿಕೊಂಡು ಹೋಯಿತು.

ಕಾಗ್ಬೇನಿ

ಈಗ ನಾನು ಮಾಡಿದ ತಪ್ಪನ್ನು ಹೇಳಬೇಕು. ಇಂಥ ತಪ್ಪು ನಮ್ಮ ತಾಲ್ಲೂಕುಗಳವರು ಮಾತ್ರ ಮಾಡಲು ಸಾಧ್ಯ. ನಮಗೆ ಟಿಬೆಟನ್ನರ ಮುಖವೆಂದರೆ ಮುಂಡಗೋಡದ ಟಿಬೆಟನ್ ಕಾಲೊನಿಯ ಮುಖ. ಅಲ್ಲಿನವರು ಸಂತೆಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಹಾಗಾಗಿ ಕಾಗ್ಬೇನಿಯಲ್ಲಿ ಒಂದು ಲಾಡ್ಜಿನ ಬಾಗಿಲಿಗೆ ಸೈಕಲ್ ಆನಿಸಿ, ಒಳಗಿದ್ದ ಹೆಂಗಸಿನ ಮುಖ ನೋಡಿದವಳೇ, ಹಿಂದೆ ಮುಂದೆ ಯೋಚಿಸದೆ, “ಒಂದ್ ಚಾ ಕೊಡ್ರಿ” ಎಂದುಬಿಟ್ಟೆ.

ಆಕೆ ನನ್ನನ್ನೇ ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡು ಹಿಂದಿಗೆ ತಿರುಗುವಷ್ಟರಲ್ಲಿ ಆಕೆ ಕೇಳಿದಳು: “ಸಕ್ಕರಿ ಎಷ್ಟ್ ಹಾಕ್ಲಿರಿ?”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವಳೇ ಡೋಲ್ಮಾ. ಆ ಊರಿನ ಹುಡುಗಿ. ಚಿಕ್ಕವಳಿದ್ದಾಗಲೇ ಅವಳನ್ನು ಮುಂಡಗೋಡದ ಸನ್ಯಾಸಿನಿಯರ ಮಠಕ್ಕೆ ಓದಲು ಕಳಿಸಿದ್ದರಂತೆ. ಅಲ್ಲೇ ಬೆಳೆದು, ತಲೆ ಬೋಳಿಸಿಕೊಂಡು ‘ಆನಿ’ ಆಗಿ, ಅಂದರೆ ಸನ್ಯಾಸಿನಿಯಾಗಿ, ಕೊನೆಗೆ ಅಣ್ಣ ತೀರಿಕೊಂಡನೆಂದು ಲಾಡ್ಜ್ ನೋಡಿಕೊಳ್ಳಲು ಕೆಂಪು ಬಟ್ಟೆ ಬಿಟ್ಟು ಊರಿಗೆ ಬಂದಿದ್ದಳು. ನಲವತ್ತು ದಾಟಿರಬಹುದು. ಸೈಕಲ್ಲಿನ ವಿದೇಶಿಯರಿಗೆ ದಾರಿ ತೋರಿಸುತ್ತ ತಾನೂ ಸೈಕಲ್ ಕಲಿತಿದ್ದಳು. ಅವರಲ್ಲೊಬ್ಬ ಹೋಗುವಾಗ ತನ್ನ ಸೈಕಲ್ ಕಂಪ್ಯೂಟರನ್ನೂ ಎದೆಪಟ್ಟಿಯನ್ನೂ ಅವಳಿಗೇ ಬಿಟ್ಟುಹೋಗಿದ್ದ. ಹೆಚ್ಚುಕಡಿಮೆ ನನ್ನವುಗಳಂಥವೇ, ಅದೇ ಕಪ್ಪು.

“ಇಲ್ಲಿದ್ರ ಮುಂಡಗೋಡ ನೆನಪಾಗ್ತೈತ್ರಿ, ಅಲ್ಲಿದ್ರ ಇದು” ಎಂದಳು. “ಅಲ್ಲಿ ಮೆಕ್ಕಿಜೋಳದ ತೆನಿ ಸುಟ್ಟ್ ಕೊಡ್ತಾರಲ್ಲ, ಉಪ್ಪು ಖಾರ ಹಚ್ಚಿ, ಅದನ್ನ ಇಲ್ಲಿ ಯಾರ ಮುಂದ ಹೇಳೂದು? ಯಾರಿಗೂ ಗೊತ್ತ ಇಲ್ಲ.”

“ನನಗ ಗೊತ್ತೈತಿ, ಹೇಳು” ಎಂದೆ. ಹೇಳಿದಳು. ಆ ಸಂಜೆ ನಾವಿಬ್ಬರೂ ಹಿಮದ ಬೆಟ್ಟದ ಬುಡದಲ್ಲಿ ಕೂತು ಮುಂಡಗೋಡದ ಬಸ್ ನಿಲ್ದಾಣದ ಮಿರ್ಚಿ ಭಜಿಯ ಬಗ್ಗೆ ಮಾತಾಡಿದೆವು. ಚಳಿಗಾಲಕ್ಕೆ ಲಾಡ್ಜ್ ಮುಚ್ಚಿ ಮುಂಡಗೋಡಕ್ಕೆ ಬರುತ್ತೇನೆ, ನನ್ನನ್ನು ಸಾಕಿದ ದೊಡ್ಡ ಆನಿ ಇನ್ನೂ ಅಲ್ಲೇ ಇದ್ದಾರೆ ಎಂದಳು. “ಹಂಗಾದ್ರ ಹಳಿಯಾಳಕ್ಕ ಬಾ, ರೊಟ್ಟಿ ಮಾಡ್ತೇನಿ” ಎಂದೆ. ದಿನದ ಬೆವರು ಹಿಡಿದ ಎದೆಪಟ್ಟಿಗಳನ್ನು ಸೋಪಿನ ನೀರಲ್ಲಿ ಜಾಲಿಸಿ ತಂತಿಗೆ ಹಾಕಿ ಮಲಗಿದೆವು.

ಝಾರ್ಕೋಟ್

ಬೆಳಿಗ್ಗೆ ಡೋಲ್ಮಾ ತಾನೂ ಬರುತ್ತೇನೆಂದು ಸೈಕಲ್ ತೆಗೆದಳು. ತಂತಿಯಿಂದ ಪಟ್ಟಿ ತೆಗೆದು ಕಟ್ಟಿಕೊಂಡರೆ ಬಿಗಿ. ಅನ್ನ ಬೇಳೆಯ ಪ್ರಭಾವ, ಊದಿಯೇಬಿಟ್ಟೆ ಎಂದು ನನ್ನನ್ನೇ ಬೈದುಕೊಂಡು ಸಡಿಲಿಸಿದೆ.

ಮುಕ್ತಿನಾಥದ ಏರು ಅದು. ಡೋಲ್ಮಾ ಸರಸರ ಮುಂದೆ ಹೋಗಿಬಿಡುವಳು, ತಿರುವಿನಲ್ಲಿ ಕಲ್ಲಿನ ಮೇಲೆ ಕೂತು ಕಾಯುವಳು, ನಾನು ಏದುಸಿರು ಬಿಡುತ್ತ ಮುಟ್ಟಿದರೆ “ಅಲಿಕತಿ ಮಾತ್ರ ಅಕ್ಕೋರ” ಎಂದು ಕಿಸಕ್ಕನೆ ನಗುವಳು. ನಡುದಾರಿಯ ಝಾರ್ಕೋಟ್ ಎಂಬ ಹಳ್ಳಿಯಲ್ಲಿ ಚಹಾಕ್ಕೆ ಕೂತೆವು. ಹಿಂದೆಂದೋ ಮುಂಡಗೋಡದಲ್ಲಿ ಬಸ್ ತಪ್ಪಿಸಿಕೊಂಡ ಕಥೆ ಹೇಳುತ್ತಿದ್ದವಳು ನಡುವೆ ಸುಮ್ಮನಾಗಿ ಕಿಟಕಿಯ ಹೊರಗೆ ನೋಡತೊಡಗಿದಳು. ಏನೋ ನೆನಪಾಗಿರಬೇಕು ಎಂದು ನಾನು ಕೆದಕಲಿಲ್ಲ. ಇಡೀ ಪ್ರವಾಸದಲ್ಲಿ ನಾನು ನೆಮ್ಮದಿಯಾಗಿ ಕೂತದ್ದು ಅಲ್ಲಿ.

ಸಂಜೆ ಇಬ್ಬರೂ ಕಾಗ್ಬೇನಿಗೆ ಮರಳಿದೆವು. ಮರುದಿನ ಒಬ್ಬಳೇ ಕೆಳಗಿಳಿದೆ. ಆಮೇಲಿನ ದಿನಗಳಿಗೆ ಕೆಂಪು ಗೆರೆಯೇ ಇಲ್ಲ. ‘ಪಟ್ಟಿ ಸಿಗುತ್ತಿಲ್ಲ’ ಎಂದಿತು ಕಂಪ್ಯೂಟರ್. ಸೆಲ್ ಮುಗಿದಿರಬೇಕು ಎಂದು ಬಿಟ್ಟುಬಿಟ್ಟೆ.

ಇಷ್ಟನ್ನೂ ದೀಪಾವಳಿಯ ಸಂಜೆ ಒಂದೊಂದೇ ಗೆರೆಯಲ್ಲಿ ನೋಡುತ್ತ, ನಗುತ್ತ ಬಂದವಳು ಝಾರ್ಕೋಟಿಗೆ ಬಂದು ನಿಂತೆ. ಸೈಕಲ್ ನಿಂತಿದೆ, ವೇಗ ಸೊನ್ನೆ, ನಾನು ಕೂತು ಚಹಾ ಕುಡಿಯುತ್ತಿದ್ದೇನೆ. ಕೆಂಪು ಗೆರೆ ಒಂದೇ ನೆಗೆತಕ್ಕೆ ಇನ್ನೂರರ ಹತ್ತಿರ ಹೋಗಿದೆ. ಕೆಲವು ನಿಮಿಷ ಅಲ್ಲೇ ಅಡ್ಡಾದಿಡ್ಡಿ ಕುಣಿದು, ದೊಪ್ಪನೆ ಕೆಳಗೆ ಬಿದ್ದಿದೆ. ಏರಿನಲ್ಲಿ ಸತ್ತೆನೋ ಬದುಕಿದೆನೋ ಎಂದು ತುಳಿದಾಗಲೂ ನನ್ನ ಎದೆ ಅಷ್ಟು ಎತ್ತರಕ್ಕೆ ಹೋದದ್ದಿಲ್ಲ. ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ಹೊರಗೆ ಪಟಾಕಿ. ನನಗೇನಾದರೂ ಆದರೆ ನಾಳೆ ಹಾಲಿನವನು ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೊಳೆಯಿತು.

ದಾಂಡೇಲಿ

ಹಳಿಯಾಳದಲ್ಲಿ ತೋರಿಸಿದರೆ ಸಂಜೆಯೊಳಗೆ ಸ್ಟಾಫ್ ರೂಮಿಗೆ ಸುದ್ದಿ. ಆದ್ದರಿಂದ ದಾಂಡೇಲಿಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಎದೆಯೇ ಸರಿಯಿಲ್ಲ ಎಂಬ ಅನುಮಾನವಿದ್ದವಳು ಸೈಕಲ್ ತುಳಿದುಕೊಂಡೇ ಹೋದೆ, ನನ್ನ ಬುದ್ಧಿಗೆ ಏನೆನ್ನಬೇಕು!

“ಕೂಡ ಯಾರ್ ಬಂದಾರ್ರಿ?” ಎಂದು ನರ್ಸ್ ಕೇಳಿದಳು.

“ಸೈಕಲ್ ಬಂದೈತಿ” ಎಂದೆ. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಬೆಂಚಿನ ಮೇಲೆ ನನ್ನ ಎಡಕ್ಕೆ ಒಬ್ಬ ಮುದುಕ, ಅವನ ಸುತ್ತ ಇಡೀ ಮನೆತನ. ಯಾರೋ ನೀರು ಕುಡಿಸುತ್ತಾರೆ, ಯಾರೋ ಬೆನ್ನು ಸವರುತ್ತಾರೆ, ಇಬ್ಬರು ಆಗಲೇ ಜಗಳಕ್ಕೆ ನಿಂತಿದ್ದಾರೆ. ಅಂಥ ಜಗಳವೂ ನನಗಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಡಾಕ್ಟರು ಇಸಿಜಿ ಮಾಡಿಸಿದರು. ಒಂದು ಹಗಲು ಒಂದು ರಾತ್ರಿ ಎದೆಗೆ ಸಣ್ಣ ಪೆಟ್ಟಿಗೆ ಕಟ್ಟಿ ಕಳಿಸಿದರು. ಮರುದಿನ ನೋಡಿ, “ಅಕ್ಕೋರ, ನಿಮ್ಮ ಎದಿ ಎತ್ತಿನ ಎದಿ ಐತಿ. ಆ ಸೈಕಲ್ಲಿನ ಯಂತ್ರ ಅಟ್ಟಕ್ಕ ಹಾಕ್ರಿ” ಎಂದರು. ನಿಜವೇ ಇರಬೇಕು. ಆದರೂ ಮೌಳಂಗಿಯ ಹತ್ತಿರ ಕಾಳಿ ನದಿಯ ದಂಡೆಗೆ ಹೋಗಿ ಕೂತಾಗ ಸಮಾಧಾನವಾಗಲಿಲ್ಲ. ಯಂತ್ರ ಬೇರೆ ಯಾವ ದಿನವೂ ಸುಳ್ಳು ಹೇಳಿರಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದದ್ದು, ಅತ್ತದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿತ್ತು. ಅದೊಂದು ಚಹಾದ ಹೊತ್ತಿಗೆ ಯಾಕೆ ಸುಳ್ಳು ಹೇಳಬೇಕು?

ಕುಂಬಾರವಾಡ

ಯಂತ್ರವನ್ನೇ ಪರೀಕ್ಷೆಗೆ ಕೂರಿಸಬೇಕೆಂದು ಒಂದು ಭಾನುವಾರ ಪಟ್ಟಿಗೆ ಹೊಸ ಸೆಲ್ ಹಾಕಿ ಜೋಯಿಡಾದ ಏರುಗಳ ಕಡೆ ಹೊರಟೆ. ಹೊಸ ಸೆಲ್ ಹಾಕಿದರೂ ಅದೇ ರಾಗ: ‘ಪಟ್ಟಿ ಸಿಗುತ್ತಿಲ್ಲ’. ಕುಂಬಾರವಾಡದವರೆಗೆ ತಾಳ್ಮೆ ಇಟ್ಟುಕೊಂಡಿದ್ದೆ. ಅಲ್ಲಿ ಒಂದು ಅಂಗಡಿಯ ಮುಂದೆ ಕೂತು ಕಂಪ್ಯೂಟರಿನ ಗುಂಡಿಗಳನ್ನು ಒತ್ತತೊಡಗಿದೆ.

“ಬಸ್ಸಿಗೆ ಕುಂತೀರೇನ್ರಿ?” ಎಂದಳು ಅಂಗಡಿಯ ಹೆಂಗಸು. “ಬಸ್ ಸಂಜೀಕ ಬರ್ತೈತಿ. ಬಂದ್ರ ಬಂತು.”

ಸೈಕಲ್ ತೋರಿಸಿದೆ. ಅವಳು ಅದನ್ನೂ ನನ್ನನ್ನೂ ನೋಡಿ, ಒಳಗಿಂದ ಒಂದು ಲೋಟ ಮಜ್ಜಿಗೆ ತಂದಿಟ್ಟು ಹೋದಳು.

ಅಷ್ಟರಲ್ಲಿ ಕಂಪ್ಯೂಟರ್ ಹೊಸದೊಂದು ಮಾತು ಹೇಳಿತು. ಹತ್ತಿರದಲ್ಲಿ ಒಂದು ಪಟ್ಟಿ ಇದೆ, ಆದರೆ ಅದು ನಿಮ್ಮದಲ್ಲ, ಹೊಸದಾಗಿ ಸೇರಿಸಲೇ?

ನನ್ನದಲ್ಲ? ನನ್ನ ಎದೆಗೇ ಕಟ್ಟಿದೆಯಲ್ಲ! ಅಂಗಿಯೊಳಗೆ ಕೈಹಾಕಿ ಪಟ್ಟಿ ಎಳೆದು ನೋಡಿದೆ. ಬಿಗಿಯಾಗಿದ್ದ ಪಟ್ಟಿ. ಕಾಗ್ಬೇನಿಯ ತಂತಿಯ ಮೇಲೆ ಒಣಗುತ್ತಿದ್ದ ಎರಡು ಕಪ್ಪು ಪಟ್ಟಿಗಳು ಕಣ್ಣಿಗೆ ಕಟ್ಟಿದವು. ನಾನು ಊದಿಕೊಂಡಿರಲಿಲ್ಲ. ಡೋಲ್ಮಾಳ ಪಟ್ಟಿ ಕಟ್ಟಿಕೊಂಡಿದ್ದೆ. ನನ್ನ ಪಟ್ಟಿ ಅವಳ ಎದೆಯ ಮೇಲಿತ್ತು. ನನ್ನ ಕಂಪ್ಯೂಟರಿಗೆ ಗೊತ್ತಿದ್ದದ್ದು ನನ್ನ ಪಟ್ಟಿ ಮಾತ್ರ, ಅದು ಯಾರ ಎದೆಯ ಮೇಲಿದ್ದರೆ ಅದಕ್ಕೇನು?

ಮೊಬೈಲಿನಲ್ಲಿ ಆ ದಿನದ ಚಿತ್ರ ತೆಗೆದು ಹಿಗ್ಗಿಸಿ ನೋಡಿದೆ. ಮೊದಲ ಸಲ ನೋಡಿದಾಗ ಲಕ್ಷ್ಯ ಕೊಡದಿದ್ದದ್ದು ಈಗ ಕಂಡಿತು. ಕೆಂಪು ಗೆರೆ ಉದ್ದಕ್ಕೂ ಇರಲಿಲ್ಲ. ಏರಿನಲ್ಲಿ ಅವಳು ಮುಂದೆ ಹೋದಾಗಲೆಲ್ಲ ಹರಿದಿತ್ತು. ತಿರುವಿನಲ್ಲಿ ಕಾದು ಕೂತಾಗ ಮತ್ತೆ ಹುಟ್ಟಿತ್ತು. ಪಟ್ಟಿಯ ಸಂಕೇತ ನಾಲ್ಕು ಮಾರಿಗಿಂತ ಆಚೆ ಬಾರದು. ಅವಳು ಪಕ್ಕದಲ್ಲಿದ್ದಾಗ ಮಾತ್ರ ಆ ಎದೆ ಬಡಿದಿತ್ತು, ಚಹಾದ ಅಂಗಡಿಯಲ್ಲಿ ಮೊದಲಿಂದ ಕೊನೆಯವರೆಗೆ.

ಕಿಟಕಿಯ ಹೊರಗೆ ನೋಡುತ್ತ ಸುಮ್ಮನಾದ ಅವಳ ಮುಖ ನೆನಪಾಯಿತು. ಒಂದು ಕೈಯಿಂದ ಮೇಜಿನ ಅಂಚು ಹಿಡಿದಿದ್ದಳು. ಅಯ್ಯೋ, ಹುಡುಗಿ! ನಾನು ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನೆಟ್‌ವರ್ಕ್ ಸಿಗುವ ಜಾಗಕ್ಕೆ ಬಂದು ಅವಳ ನೇಪಾಳದ ನಂಬರಿಗೆ ಫೋನ್ ಹಚ್ಚಿದೆ. ಬಂದ್. ಮನೆ ಮುಟ್ಟುವವರೆಗೆ ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ. ಲಾಡ್ಜ್ ಮುಚ್ಚಿ ಈ ಕಡೆ ಹೊರಟಿರಬೇಕು ಎಂದು ಒಂದು ಮನಸ್ಸು. ದಾರಿಯಲ್ಲೆಲ್ಲೋ ಬಿದ್ದಿದ್ದರೆ ಎಂದು ಇನ್ನೊಂದು.

ಮುಂಡಗೋಡ

ಮರುದಿನ ಶಾಲೆಗೆ ರಜೆ ಹೇಳಿ ಬಸ್ ಹತ್ತಿದೆ. ಕಾಲೊನಿಯ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕಿದ್ದರು. ಸನ್ಯಾಸಿನಿಯರ ಮಠದ ಬಾಗಿಲಲ್ಲಿ “ಡೋಲ್ಮಾ, ಕಾಗ್ಬೇನಿಯ ಡೋಲ್ಮಾ ಬಂದಾಳೇನ್ರಿ?” ಎಂದು ಕೇಳಿದೆ. ಮುದಿ ಆನಿಯೊಬ್ಬರು ನನ್ನ ಕೈ ಹಿಡಿದು, “ಬರ್ರಿ, ಒಳಗ ಬರ್ರಿ” ಎಂದು ಅಂಗಳಕ್ಕೆ ಕರೆದೊಯ್ದರು.

ಅಲ್ಲಿ ಬಿಸಿಲಿನಲ್ಲಿ ಕೂತು ಡೋಲ್ಮಾ ಸುಟ್ಟ ತೆನೆ ತಿನ್ನುತ್ತಿದ್ದಳು. “ಅಕ್ಕೋರ!” ಎಂದು ಕೂಗಿದಳು. “ರೊಟ್ಟಿ ತಂದೀರೇನು?”

ನಾನು ಅವಳನ್ನು ಅಪ್ಪಿಕೊಂಡು ಬೈದೆ, ಅತ್ತೆ. ಆಮೇಲೆ ಪಕ್ಕದಲ್ಲಿ ಕೂತು ಮೊಬೈಲ್ ತೋರಿಸಿ, ಪಟ್ಟಿ ಬದಲಾದದ್ದನ್ನೂ, ಅವಳು ದೂರ ಹೋದಾಗಲೆಲ್ಲ ಗೆರೆ ಹರಿದದ್ದನ್ನೂ ಹೇಳಿದೆ. ಅವಳ ನಗು ನಿಧಾನಕ್ಕೆ ಇಳಿಯಿತು. ತೆನೆಯನ್ನು ಕೆಳಗಿಟ್ಟು, ತನ್ನ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಅದೇ ದಿನ, ಅದೇ ಗುಡ್ಡ. ಝಾರ್ಕೋಟಿನಲ್ಲಿ ಕೆಂಪು ಗೆರೆ ಕೆರೆಯ ನೀರಿನಂತೆ ತಣ್ಣಗೆ ಮಲಗಿತ್ತು. ಅದು ನಾನು, ನೆಮ್ಮದಿಯಾಗಿ ಚಹಾ ಕುಡಿಯುತ್ತ.

“ಎದಿಯೊಳಗ ಗುಬ್ಬಿ ಹೊಕ್ಕಂಗ ಆಗ್ತಿತ್ರಿ, ಭಾಳ ದಿನದಿಂದ” ಎಂದಳು. “ಪೋಖರಾಕ್ಕ ಹೋಗಿ ಡಾಕ್ಟರಿಗೆ ತೋರಿಸೂದಂತ ಇತ್ತು. ಅವತ್ತ್ ರಾತ್ರಿ ಈ ಗೆರಿ ನೋಡ್ದೆ. ಗುಬ್ಬಿ ಬಂದಾಗೂ ಗೆರಿ ಹಿಂಗ ಐತಿ. ಹಂಗಾರ ಏನೂ ಇಲ್ಲ, ಬರೀ ಹೆದರಿಕಿ ಅಂತ ಬಿಟ್ಟೆ. ದೊಡ್ಡ ಆನಿಗೂ ತೋರಿಸೇನಿ. ಅವ್ರು ಖುಷಿಲೆ ತುಪ್ಪದ ದೀಪ ಹಚ್ಚಿದ್ರು.”

ಇಷ್ಟು ದಿನ ಅವಳ ಹೆದರಿಕೆಯನ್ನು ನಾನು ಪಟ್ಟಿದ್ದೆ. ಅವಳು ನನ್ನ ಎದೆಯನ್ನು ನಂಬಿಕೊಂಡು ತನ್ನದನ್ನು ಮರೆತಿದ್ದಳು.

“ಈಗೂ ಬರ್ತೈತೇನು ಗುಬ್ಬಿ?”

“ನಿನ್ನೆ ಬಂದಿತ್ತು. ಮೆಟ್ಟಿಲ ಮ್ಯಾಗ. ಕಣ್ಣ ಕತ್ತಲಿ ಬಂತು” ಎಂದಳು, ತಪ್ಪು ಮಾಡಿದವಳಂತೆ.

“ಏಳು” ಎಂದೆ. “ಹೋಗೂಣು.”

ಹುಬ್ಬಳ್ಳಿ

ಬಾಡಿಗೆ ಕಾರು ಹಿಡಿದೆವು. ಅವಳು ಜಪಮಾಲೆ ಹಿಡಿದಿದ್ದಳು, ನಾನು ಅವಳ ಮಣಿಕಟ್ಟು ಹಿಡಿದಿದ್ದೆ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಅವಳನ್ನು ನೋಡಿ, ನನ್ನ ಮೊಬೈಲಿನ ಗೆರೆಯನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಎದೆಯೊಳಗೆ ಬಡಿತದ ದಾರಿ ತಪ್ಪುತ್ತಿದೆ, ಸರಿ ಮಾಡುವಂಥದ್ದೇ, ಆದರೆ ಇನ್ನೂ ತಡ ಮಾಡಿದ್ದರೆ ಕೈಮೀರುತ್ತಿತ್ತು, ಇವತ್ತೇ ಸೇರಿಸಿಕೊಳ್ಳುತ್ತೇವೆ ಎಂದರು. ಯಂತ್ರವನ್ನು ಅಟ್ಟಕ್ಕೆ ಹಾಕಿ ಎಂದು ಇವರು ಹೇಳಲಿಲ್ಲ.

ವಾರ್ಡಿನಲ್ಲಿ ಡೋಲ್ಮಾಳನ್ನು ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸಿದರು. ತಲೆಯ ಹತ್ತಿರದ ಪರದೆಯ ಮೇಲೆ ಹಸಿರು ಗೆರೆಯೊಂದು ಓಡತೊಡಗಿತು.

“ಪೇಶಂಟ್ ಕೂಡ ಯಾರ್ ಬಂದೀರಿ?” ಎಂದು ಸಿಸ್ಟರ್ ಕೇಳಿದಳು.

“ನಾ ಬಂದೇನಿ” ಎಂದೆ.

“ಹಂಗಾರ ನೀವು ಹೊರಗ ಕುಂದರ್ರಿ, ಕರೀತೇನಿ.”

ನಾನು ಚೀಲ ಎತ್ತಿಕೊಂಡೆ. ಮಲಗಿದ್ದಲ್ಲಿಂದಲೇ ಡೋಲ್ಮಾ ನನ್ನ ಸೆರಗು ಹಿಡಿದಳು. ಮುಖ ಬಿಳಿಚಿತ್ತು, ಆದರೂ ಕಣ್ಣಲ್ಲಿ ಅದೇ ತಿರುವಿನ ಕಲ್ಲಿನ ಮೇಲಿನ ನಗು.

“ಬ್ಯಾಡ್ರಿ ಸಿಸ್ಟರ್” ಎಂದಳು. “ಅವ್ರು ದೂರ ಹೋದ್ರ ಗೆರಿ ಹರೀತೈತಿ.”

ಸಿಸ್ಟರಿಗೆ ಏನೂ ತಿಳಿಯಲಿಲ್ಲ. ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಗೋಡೆಯ ಹತ್ತಿರವಿದ್ದ ಸ್ಟೂಲನ್ನು ಕಾಲಿನಿಂದ ಮಂಚದ ಕಡೆ ಸರಿಸಿ ಹೋದಳು. ನಾನು ಕೂತೆ.